ಎಲೆತೋಟಕ್ಕೆ ತಂದ ವೈರ್‌ಲೆಸ್ಸು

ಜಯತೀರ್ಥ ಮಾಸ್ತರರ ಎಲೆತೋಟದ ಕೀಲಿಕೈ ಹದಿನಾರು ವರ್ಷ ನನ್ನ ಸೆರಗಿನ ತುದಿಯಲ್ಲಿ ಗಂಟಾಗಿತ್ತು. ಬೆಳಗಾದರೆ ಬಾಗಿಲು ತೆಗೆಯುವವಳು ನಾನು, ಎಲೆ ಕೊಯ್ಯುವವಳೂ ನಾನು. ಸವಣೂರಿನ ವೀಳ್ಯದೆಲೆ ಹಾನಗಲ್ಲು, ಹಿರೇಕೆರೂರ ಕಡೆಯ ಮದುವೆಗಳಿಗೂ ಹೋಗುತ್ತಿತ್ತು. ಮಂಗಳವಾರ ಮಾತ್ರ ತೋಟಕ್ಕೆ ಬಿಡುವು. ಅಂದು ಬಳ್ಳಿಗೆ ಉಗುರು ತಾಗಬಾರದು, ಒಳಗೆ ಯಾರೂ ಕಾಲಿಡಬಾರದು. ಮಾಸ್ತರರ ಅಜ್ಜನ ಕಾಲದಿಂದ ನಡೆದು ಬಂದ ನೇಮ ಅದು.

ಎಂಬತ್ತನಾಲ್ಕನೇ ಇಸವಿ. ಒಂದು ಬುಧವಾರ ಬೆಳಿಗ್ಗೆ ಹೋಗಿ ನೋಡಿದರೆ ಬಾವಿಯ ಕಡೆಯ ಸಾಲಿನಲ್ಲಿ ಹತ್ತಿಪ್ಪತ್ತು ಎಲೆ ಇಲ್ಲ. ಕಿತ್ತ ತೊಟ್ಟು ಇನ್ನೂ ಹಸಿ. ಮರುವಾರದ ಬುಧವಾರವೂ ಹಾಗೇ. ಮಾಸ್ತರರಿಗೆ ಹೋಗಿ ಹೇಳಿದವಳು ನಾನೇ.

"ಬೇಲಿ ಗಟ್ಟಿ ಅದ. ಕೀಲಿ ಒಡದಿಲ್ಲ," ಎಂದು ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಕೀಲಿಕೈ ಯಾರ ಕಡೆ ಅದ, ಯಂಕವ್ವ?"

"ನನ್ನ ಕಡೆ ಐತ್ರಿ."

"ಮತ್ತ?"

ಆ "ಮತ್ತ?" ನನಗೆ ಮುಳ್ಳಿನ ಹಾಗೆ ನಟ್ಟಿತು. ರಾತ್ರಿ ಶಾಲೆಯಲ್ಲಿ ನನ್ನ ಕೈ ಹಿಡಿದು ನನ್ನ ಹೆಸರು ಬರೆಸಿದವರು ಇದೇ ಮಾಸ್ತರರು. ನಾನು ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಅವರ ಮುಂದೆ ಇಟ್ಟೆ. ಅವರು ಬ್ಯಾಡ ಅಂದಾರು ಎಂದುಕೊಂಡಿದ್ದೆ. ಅದನ್ನೆತ್ತಿ ಪಡಸಾಲೆಯ ಮೊಳೆಗೆ ತೂಗುಹಾಕಿದರು.

"ಕಳ್ಳ ಸಿಗೂ ತನಕ ಇಲ್ಲೇ ಇರ್ಲಿ. ಫೋಟೋ ತಗದ ಹಿಡಿಯೋಣ. ಮನ್ಯಾಗ ಯಾರಿಗೂ ಹೇಳಬ್ಯಾಡ, ಹೆಂಗಸರ ಬಾಯಾಗ ಮಾತು ನಿಲ್ಲೂದಿಲ್ಲ."

ನಾನು ಗಂಡಸೇನೋ ಎಂಬಂತೆ ನನಗೇ ಹೇಳಿದರು.

ಮಾಸ್ತರರ ಹತ್ತಿರ ಒಂದು ಕ್ಯಾಮೆರಾ ಇತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಮಜೀದನ ಸ್ಟುಡಿಯೋಕ್ಕೆ ಹೊರಟರು. ಸಾಕ್ಷಿಗೆ ನಾನು ಹಿಂದೆ. ಮಜೀದ ಶಿಗ್ಗಾಂವಿಯವರೆಗಿನ ಮದುವೆಗಳ ಫೋಟೋ ತೆಗೆಯುವವನು. ಅವನ ಮನೆಯ ಹಿತ್ತಲು ನಮ್ಮ ತೋಟದ ಬೇಲಿಗೆ ಹತ್ತಿಕೊಂಡೇ ಇತ್ತು.

"ದೂರ ನಿಂತು ಕ್ಯಾಮೆರಾದ ಬಟನ್ ಒತ್ತಬೇಕೋ ಮಜೀದ. ಏನೇನ ಅದ ನಿನ್ನ ಕಡೆ?"

ಮಜೀದ ಮೊದಲು ಗೇಣುದ್ದದ ಒಂದು ತಂತಿ ತೆಗೆದ. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಹೆಬ್ಬೆರಳಿಗೆ.

"ಇಷ್ಟ ಹತ್ರ ನಿಂತ್ರ ಕಳ್ಳ ನನ್ನ ಕೈಯಾಗ ಎಲಿ ಕೊಟ್ಟು ಹೋಗ್ತಾನ. ಮುಂದಿಂದು ತಗಿ."

ಮುಂದಿನದು ರಬ್ಬರಿನ ಚೆಂಡು, ಅದಕ್ಕೆ ಉದ್ದನೆಯ ಕೊಳವೆ. ಚೆಂಡು ಹಿಚುಕಿದರೆ ಗಾಳಿ ಹೋಗಿ ಬಟನ್ ಒತ್ತುತ್ತದೆ.

"ಇಪ್ಪತ್ತ ಫೂಟ್ ಹೋಗತೈತ್ರಿ. ಬಾವಿ ಹಿಂದ ಕುಂತ್ರಿ ಅಂದ್ರ ಆತು."

"ಮಂಗಳವಾರ ತೋಟದಾಗ ನಾ ಹ್ಯಾಂಗ ಕೂಡ್ಲಿ? ನೇಮ ಮುರೀಲೇನು? ನಮ್ಮ ಮಾಳಿಗಿ ಮ್ಯಾಲಿಂದ ಒತ್ತಬೇಕು. ಇನ್ನೂರ ಹೆಜ್ಜಿ ಅದ."

ಮಜೀದ ಅತ್ತಿತ್ತ ನೋಡಿ ಬೀರುವಿನಿಂದ ಒಂದು ರಟ್ಟಿನ ಡಬ್ಬಿ ಇಳಿಸಿದ. ಅವನ ಹೆಂಡತಿ ಬಾನುಬಿಯ ತಮ್ಮ ಹಯಾತ ಮುಂಬಯಿಯಿಂದ ಕಳಿಸಿದ್ದಂತೆ, ಯಲವಿಗಿ ಸ್ಟೇಷನ್ನಿಗೆ ಪಾರ್ಸೆಲ್ ಬಂದಿತ್ತಂತೆ. ಒಳಗೆ ಸಾಬೂನಿನಷ್ಟು ದೊಡ್ಡ ಎರಡು ಪೆಟ್ಟಿಗೆ. ಒಂದನ್ನು ಕ್ಯಾಮೆರಾಕ್ಕೆ ಕಟ್ಟುವುದು. ಇನ್ನೊಂದನ್ನು ಕೈಯಲ್ಲಿ ಹಿಡಿದು, ಏರಿಯಲ್ ಎಳೆದು, ಒತ್ತುವುದು. ನಡುವೆ ತಂತಿಯೇ ಇಲ್ಲ.

"ವೈರ್‌ಲೆಸ್ ರೀ. ಆದ್ರ ಒಂದ ಸಲ ಒತ್ತಿದ್ರ ಒಂದ ಫೋಟೋ. ಇನ್ನೊಂದ ಬೇಕಂದ್ರ ಅಲ್ಲಿ ಹೋಗಿ ಕೈಲೇ ರೀಲು ತಿರುವಬೇಕು."

ಪರೀಕ್ಷೆ ನಡೆಯಿತು. ಕ್ಯಾಮೆರಾವನ್ನು ಸ್ಟುಡಿಯೋ ಬಾಗಿಲಲ್ಲಿ ಇಟ್ಟು ಮಜೀದ ಟವೆಲ್ ಹಿಡಿದು ನಿಂತ. ಕ್ಲಿಕ್ ಅಂದರೆ ಟವೆಲ್ ಎತ್ತಬೇಕು, ರೀಲು ತಿರುವಬೇಕು. ಮಾಸ್ತರರು ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಎಣಿಸುತ್ತ, ಐವತ್ತಕ್ಕೊಮ್ಮೆ ತಿರುಗಿ ಏರಿಯಲ್ ಎತ್ತಿ ಒತ್ತುತ್ತ ನಡೆದರು. ಚಹಾದಂಗಡಿಯ ಉಡಚಪ್ಪ ಕೂಗಿದ:

"ಮಾಸ್ತರ್ರ, ಧಾರವಾಡ ರೇಡಿಯೋ ಸ್ಟೇಷನ್ ಹತ್ತೇತೇನ್ರಿ? ವಾರ್ತಾ ಏನ್ ಅಂತಾರ?"

"ಸವಣೂರಾಗ ಚಹಾಕ್ಕ ನೀರ ಹೆಚ್ಚಾಗೇದಂತ!" ಎಂದು ಮಾಸ್ತರರು ನಿಲ್ಲದೆ ಹೇಳಿದರು.

ಇನ್ನೂರೈವತ್ತು ಹೆಜ್ಜೆಯವರೆಗೂ ಟವೆಲ್ ಎದ್ದಿತು. ಮಾಸ್ತರರು ಮುಖ ಅರಳಿಸಿಕೊಂಡು ಬಂದರು. "ಇದ ಇರ್ಲಿ. ಮೊದಲ ಕಳ್ಳ ಸಿಗ್ಲಿ, ಆಮ್ಯಾಲೆ ಖರೀದಿ ಮಾತು."

ಸೋಮವಾರ ಸಂಜೆ ಮಜೀದ ಬಾವಿಯ ಸಾಲಿನ ಎದುರು, ಬಳ್ಳಿ ಹಬ್ಬಿಸಿದ ಮರಕ್ಕೆ ಕ್ಯಾಮೆರಾ ಕಟ್ಟಿ, ಎಲೆ ಮುಚ್ಚಿ ಬಂದ. ಮಂಗಳವಾರ ಬೆಳಿಗ್ಗೆ ಮಾಸ್ತರರು ಪೆಟ್ಟಿಗೆ ಹಿಡಿದು ಮಾಳಿಗೆ ಏರಿದರು. ನಾನೂ ಕಾಳು ಹಸನು ಮಾಡುವ ನೆಪದಲ್ಲಿ ಮೊರ ಹಿಡಿದು ಏರಿದೆ. ಅಲ್ಲಿಂದ ತೋಟ ಬರೀ ಹಸಿರು ರಾಶಿ. ಬೆಳಗಿನ ಪೂಜೆಯ ಗಂಟೆ ಕೇಳಿದ ಸ್ವಲ್ಪ ಹೊತ್ತಿಗೆ ಬಾವಿಯ ಹತ್ತಿರ ಬಳ್ಳಿ ಅಲುಗಿತು.

"ಒತ್ರಿ, ಮಾಸ್ತರ್ರ!"

"ತಡಿ... ಹೂಂ!" ಎಂದು ಎರಡೂ ಹೆಬ್ಬೆರಳಿನಿಂದ ಒತ್ತಿದರು.

ಏರಿಯಲ್ ಮಡಚಿ, ಕೆಳಗಿಳಿದು, ಬೀದಿ ಸುತ್ತಿ ಓಡಿದರು. ತೋಟದ ಬಾಗಿಲಿಗೆ ಹೋಗಿ ನೋಡಿದರೆ ಕೀಲಿ ಹಾಕಿದ್ದು ಹಾಕಿದ ಹಾಗೇ. ಒಳಗೆ ಹೋಗುವಂತಿಲ್ಲ, ಮಂಗಳವಾರ. ಮನೆಗೆ ಬಂದು ಮೊಳೆ ನೋಡಿದರೆ ಕೀಲಿಕೈಯೂ ಅಲ್ಲೇ. ಅವರ ಹೆಂಡತಿ ಪದ್ಮಾಬಾಯಿ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದರು.

ಮಾಸ್ತರರು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. "ಅಂದ್ರ ಇನ್ನೊಂದ ಕೀಲಿಕೈ ಅದ. ಯಾರರೆ ನಿನ್ನ ಕಡೆಯಿಂದ ಮಾಡಿಸಿಕೊಂಡಾರೇನು, ಯಂಕವ್ವ?"

ಇನ್ನು ನನ್ನ ಹೆಸರು ಉಳಿಯಬೇಕಾದರೆ ಆ ಒಂದು ಫೋಟೋದಿಂದಲೇ ಎಂದು ನನಗೆ ತಿಳಿಯಿತು.

ಬುಧವಾರ ಮಜೀದ ಕ್ಯಾಮೆರಾ ಬಿಚ್ಚಿಕೊಂಡು ಒಯ್ದ. ಗುರುವಾರ ನಾನು ಸ್ಟುಡಿಯೋಕ್ಕೆ ಹೋದೆ. ಮಜೀದ ನನ್ನ ಮುಖ ನೋಡಲಿಲ್ಲ.

"ರೀಲಿಗೆ ಬೆಳಕು ಹೊಕ್ಕೈತಿ ಅಕ್ಕಾ. ಏನೂ ಬಂದಿಲ್ಲ."

ನಾನು ಸ್ಟೂಲಿನ ಮೇಲೆ ಕುಳಿತೆ. ಅವನು ಗಾಜು ಒರೆಸಿದ. ಅದೇ ಗಾಜನ್ನು ಮತ್ತೆ ಒರೆಸಿದ. ಒಬ್ಬ ಗಿರಾಕಿ ಪಾಸ್‌ಪೋರ್ಟ್ ಸೈಜಿಗೆ ಕೂತು, ಎದ್ದು ಹೋದ. ನಾನು ಕುಳಿತೇ ಇದ್ದೆ.

"ನೀ ಏಳೂದಿಲ್ಲೇನ?"

"ನನಗೇನ್ ಕೆಲಸ ಐತಿ ಈಗ? ಕೀಲಿಕೈ ಇಲ್ಲ."

ಅವನು ನಿಟ್ಟುಸಿರು ಬಿಟ್ಟು ಕತ್ತಲೆ ಕೋಣೆಯಿಂದ ಫೋಟೋ ತಂದು ನನ್ನ ಕೈಗಿಟ್ಟ.

ಅಷ್ಟು ಚೆಂದದ ಫೋಟೋ ಅವನು ಯಾವ ಮದುವೆಯಲ್ಲೂ ತೆಗೆದಿರಲಿಲ್ಲ. ಬೇಲಿಯ ಆಚೆ ಅವನದೇ ಹೆಂಡತಿ ಬಾನುಬಿ, ಮಡಿಲ ತುಂಬ ಎಲೆ. ಈಚೆ ಪದ್ಮಾಬಾಯಿ, ಒಂದು ಕೈಯಲ್ಲಿ ಕೀಲಿಕೈ, ಇನ್ನೊಂದರಲ್ಲಿ ಬಾಯಿಗೆ ಹೊರಟ ಉಳ್ಳಾಗಡ್ಡಿ ಭಜಿ. ಸುರುಳಿ ಸುರುಳಿ ಈರುಳ್ಳಿ ಹೊರಗೆ ಇಣುಕುತ್ತಿದೆ. ಬಿಸಿಗೆ ಒಂದು ಕಣ್ಣು ಮುಚ್ಚಿದೆ.

ಮಾಸ್ತರರ ಮನೆಯಲ್ಲಿ ಉಳ್ಳಾಗಡ್ಡಿ ಹೊಸ್ತಿಲು ದಾಟಿದ್ದಿಲ್ಲ. ಅವರ ತಾಯಿ ಗೋಪಿಕಾಬಾಯಿ ಅದರ ಹೆಸರೂ ಎತ್ತುತ್ತಿರಲಿಲ್ಲ.

"ನಮ್ಮ ಅಮ್ಮೀಗೆ ಹಲ್ಲಿಲ್ಲ, ಎಲಿ ಕುಟ್ಟಿ ತಿಂತಾಳ. ಅದಕ್ಕ ಇವರಿಬ್ಬರೂ ಎಲಿಗೆ ಭಜಿ ಅದಲು ಬದಲು ಮಾಡ್ಕೊಂಡಾರ," ಎಂದ ಮಜೀದ. "ಇದನ್ನ ಮಾಸ್ತರ್ರಿಗೆ ಹೆಂಗ ಕೊಡ್ಲಿ? ಕೊಡದಿದ್ರ ನಿನ್ನ ಗತಿ?"

"ಇಲ್ಲಿ ಕೊಡು."

ನಾನು ಹಿತ್ತಲ ಬಾಗಿಲಿನಿಂದ ಪದ್ಮಾಬಾಯಿಯವರ ಹತ್ತಿರ ಹೋದೆ. ಅವರು ಫೋಟೋ ನೋಡಿ ಮೊದಲು ಎದೆ ಮುಟ್ಟಿಕೊಂಡರು. ಆಮೇಲೆ ಬೆಳಕಿಗೆ ಹಿಡಿದರು.

"ಅಯ್ಯ, ಲಗ್ನದ ಫೋಟೋಕ್ಕಿಂತ ಛಲೋ ಬಂದೀನಲ್ಲ! ನಿನಗ್ಯಾರ ಕೊಟ್ರು ಇದನ್ನ?"

ಎಲ್ಲ ಹೇಳಿದೆ. ಮೊಳೆಯ ಮೇಲಿನ ಕೀಲಿಕೈ ನನ್ನದೆಂದು, ನನ್ನ ಮೇಲೆ ಸಂಶಯವೆಂದು ಕೇಳಿ ಅವರ ನಗು ಹೋಯಿತು.

"ನಿನ್ನ ಮ್ಯಾಲೆ? ನನಗ ಒಂದ ಮಾತು ಹೇಳಿಲ್ಲ ನೋಡು. ಮೊದ್ಲ ನಾ ದೇವರ ಖೋಲ್ಯಾಗಿನ ಹಳೇ ಕೀಲಿಕೈ ಒಯ್ತಿದ್ದೆ. ಇದು ಮೊಳಿಗೆ ಬಂತು, ಇನ್ನೂ ಹಗುರಾತು ಅಂದ್ಕೊಂಡೆ."

"ಬಾಯಾರ, ಬ್ಯಾಡಾದ್ರ ಹರದ ಒಲಿಗೆ ಹಾಕ್ರಿ. ನಾ ಯಾರಿಗೂ ಹೇಳೂದಿಲ್ಲ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈ ಹಿಡಿದು ನೆಟ್ಟಗೆ ಪಡಸಾಲೆಗೆ ನಡೆದರು. ಅಲ್ಲಿ ಗೋಪಿಕಾಬಾಯಿ ಜಪಮಾಲೆ ಹಿಡಿದು ಕೂತಿದ್ದರು. ಪದ್ಮಾಬಾಯಿ ಫೋಟೋವನ್ನು ಗಂಡನ ತೆರೆದ ಪುಸ್ತಕದ ಮೇಲೆ ಇಟ್ಟರು.

ಮಾಸ್ತರರು ನೋಡಿದರು. ಕನ್ನಡಕ ಏರಿಸಿ ನೋಡಿದರು.

"ಮಂಗಳವಾರನ ಯಾಕ?" ಎಂದರು ಸಣ್ಣ ದನಿಯಲ್ಲಿ.

"ಅವತ್ತು ತೋಟದಾಗ ಯಾರೂ ಬರೂದಿಲ್ಲಲಾ, ಅದಕ್ಕ."

"ಕಳ್ಳ ಸಿಕ್ಕನೇನೋ ಜಯ್ಯಾ?" ಎಂದು ಗೋಪಿಕಾಬಾಯಿ ಮೂಲೆಯಿಂದ ಕೇಳಿದರು. ಹೇಳಬೇಡ ಎಂದ ಮಾತನ್ನು ಮಾಸ್ತರರು ತಾಯಿಗೆ ಮಾತ್ರ ಹೇಳಿದ್ದರೆಂದು ಕಾಣುತ್ತದೆ.

ಮಾಸ್ತರರು ಪಟ್ಟನೆ ಪುಸ್ತಕ ಮುಚ್ಚಿದರು. "ಇಲ್ಲವ್ವ. ಆ ವೈರ್‌ಲೆಸ್ಸು ನಮಗ ಉಪಯೋಗಿಲ್ಲ. ಭಾಳ ದೂರ ಹೋಗ್ತದ ಅದು. ಮಜೀದಗ ವಾಪಸ್ ಕೊಟ್ಟು ಆ ಗೇಣುದ್ದದ ತಂತಿ ತರ್ತೀನಿ. ನಮ್ಮ ಮನೀಗೆ ಅಷ್ಟ ಸಾಕು."

ಆಮೇಲೆ ಎದ್ದು ಮೊಳೆಯಿಂದ ಕೀಲಿಕೈ ತೆಗೆದರು. ಎಸೆಯಲಿಲ್ಲ, ನೆಲಕ್ಕಿಡಲಿಲ್ಲ. ಎರಡೂ ಕೈಯಿಂದ ಹಿಡಿದು ನನ್ನ ಮುಂದೆ ನಿಂತರು.

"ತಪ್ಪು ನಂದು, ಯಂಕವ್ವ."

"ಇರ್ಲಿ ಬಿಡ್ರಿ," ಎಂದು ಸೆರಗಿನ ತುದಿಗೆ ಹಾಕಿ ಎರಡು ಗಂಟು ಹಾಕಿದೆ.

ನಾನು ಹೊರಗೆ ಮೆಟ್ಟಿಲು ಇಳಿಯುತ್ತಿದ್ದಾಗ ಕಿಟಕಿಯಿಂದ ಮಾಸ್ತರರ ಪಿಸುಮಾತು ಕೇಳಿಸಿತು.

"ಬರೇ ಉಳ್ಳಾಗಡ್ಡಿ ಏನ? ಬಳ್ಳೊಳ್ಳಿನೂ ಹಾಕಿರ್ತಾಳೋ ಆಕಿ?"

"ಮಂಗಳವಾರ ಒಂದ ತರ್ತೀನಿ," ಅಂದರು ಪದ್ಮಾಬಾಯಿ. "ತಿಂದ ಹೇಳ್ರಿ."