ತೊಳೆದ ಕಾಸು

ಹುಣಸೆಹಣ್ಣು ಹಚ್ಚಿ ಮೂರನೆಯ ಸಲ ತಿಕ್ಕಿದ ಮೇಲೆ ಆನೆ ಎದ್ದು ಬಂತು. ಮೊದಲು ಬೆನ್ನು, ಆಮೇಲೆ ಸೊಂಡಿಲು, ಕೊನೆಗೆ ಮೋಟು ಬಾಲ. ಚಂದ್ರಮತಿ ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ಕುಕ್ಕರಗಾಲಲ್ಲಿ ಕೂತು, ಹಬ್ಬಕ್ಕೆ ದೀಪದ ಕಂಬ ಬೆಳಗುವಷ್ಟೇ ಶ್ರದ್ಧೆಯಿಂದ ಆ ತಾಮ್ರದ ಕಾಸನ್ನು ಬೆಳಗಿದಳು. ಒಂದು ಚೊಂಬು ನೀರು ಹುಯ್ದಳು. ಕಪ್ಪು ನೀರು ಮಣ್ಣಿನ ಗೀರು ಹಿಡಿದು ಬಾಳೆಯ ಬುಡಕ್ಕೆ ಹರಿಯಿತು.

ಅವಳಿಗೆ ನಾಣ್ಯದ ಹುಚ್ಚು ಹಿಡಿದು ಒಂದು ವರ್ಷವಾಗಿತ್ತು, ಅಷ್ಟೆ. ಸರ್ಕಾರ ನಯಾ ಪೈಸೆ ತಂದಾಗ, ಆಣೆ, ತೂತಿನ ಕಾಸು ಎಲ್ಲ ಇನ್ನು ಕಣ್ಣಿಗೆ ಬೀಳುವುದಿಲ್ಲವಲ್ಲ ಎಂದು ಒಂದೊಂದನ್ನು ಎತ್ತಿಟ್ಟಳು. ಇತಿಹಾಸದಲ್ಲಿ ಎಂ.ಎ. ಮಾಡಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಎತ್ತಿಟ್ಟದ್ದನ್ನು ಸುಮ್ಮನೆ ಇಡಲಾರಳು. ಬಿಸ್ಕತ್ತಿನ ಡಬ್ಬಿಗೆ ಹತ್ತಿ ಹಾಸಿ ಜೋಡಿಸಿದಳು. ನೋಟುಬುಕ್ಕಿನಲ್ಲಿ ಸಂಖ್ಯೆ ಹಾಕಿ ಬರೆದಳು. ಹದಿನಾರು ನಾಣ್ಯಗಳು ಅಂಗಡಿಯ ಚಿಲ್ಲರೆಯಲ್ಲಿ ತಾವಾಗಿ ಬಂದಿದ್ದವು. ಹದಿನೇಳನೆಯದು ಮಾತ್ರ ಹಾಗೆ ಬಂದದ್ದಲ್ಲ.

ಹಿಂದಿನ ದಿನ, ಬೋಗಾದಿಯಿಂದ ಮೊಸರು ತರುವ ಕೆಂಚಮ್ಮ ಜಗುಲಿಯ ಮೇಲೆ ಕುಕ್ಕೆ ಇಳಿಸಿ, ಗಂಡನ ಜ್ವರದ ಸಂಗತಿ ಹೇಳುತ್ತ ಸೊಂಟದಿಂದ ಅರಿಶಿನದ ಬಟ್ಟೆಯ ಪುಟ್ಟ ಗಂಟು ತೆಗೆದಿದ್ದಳು. ನಂಜನಗೂಡಿನ ದೇವರಿಗೆ ಕಟ್ಟಿದ ಮುಡಿಪು. ಜ್ವರ ಬಿಟ್ಟರೆ ಗಂಡ ಹೆಂಡತಿ ಹೋಗಿ ಹುಂಡಿಗೆ ಹಾಕುವ ಹರಕೆ.

"ನಮ್ಮತ್ತೆ ಕಾಲದ ಕಾಸು ಕಣವ್ವ. ರಾಗಿ ವಾಡೇಲಿ ಮಡಗಿದ್ರು. ಆನೆ ಅದೆ ಅದ್ರಲ್ಲಿ."

"ಬಿಚ್ಚು, ನೋಡೋಣ."

"ಕಟ್ಟಿದ್ದ ಬಿಚ್ಬಾರ್ದು ಅಂತಾರೆ."

"ನೋಡಿ ಮತ್ತೆ ಕಟ್ಟಿದರಾಯ್ತು, ಕೆಂಚಮ್ಮ."

ಬಿಚ್ಚಿದಳು. ಅರಿಶಿನ ಮೆತ್ತಿದ, ಕಾಡಿಗೆಯಂಥ ಕಪ್ಪಿನೊಳಗೆ ಒಂದು ಆನೆ ಮಸುಕಾಗಿ ನಿಂತಿತ್ತು. ಚಂದ್ರಮತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಈ ಕಾಸು ಈಗ ನಡೆಯೋದಿಲ್ಲ. ಹುಂಡಿ ಎಣಿಸೋರು ಎತ್ತಿ ಬಿಸಾಕ್ತಾರೆ. ನಾನೊಂದು ರೂಪಾಯಿ ಕೊಡ್ತೀನಿ, ಅದನ್ನ ಕಟ್ಟು."

"ದೇವ್ರಿಗೂ ಹೊಸ ಕಾಸೇ ಆಗ್ಬೇಕಾ ಅವ್ವ?"

"ಹೂಂ" ಎಂದುಬಿಟ್ಟಳು ಚಂದ್ರಮತಿ. ಓದಿದವರ ಬಾಯಿಂದ ಬಂದ ಹೂಂ. ಕೆಂಚಮ್ಮ ನಂಬಿದಳು.

ಬೆಳಗಿದ ಕಾಸನ್ನು ಅಂಗೈಯಲ್ಲಿಟ್ಟುಕೊಂಡು ಚಂದ್ರಮತಿ ತಂದೆಗೆ ತೋರಿಸಿದಳು. ಅರಮನೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ರಾಮಸ್ವಾಮಿ ಕನ್ನಡಕ ಹಣೆಗೇರಿಸಿ ನೋಡಿದರು.

"ಏನೇ ಚಂದ್ರಿ, ಇವತ್ತು ಬೆಳಿಗ್ಗೆ ಟಂಕಸಾಲೆಯಿಂದ ಬಂದ ಹಾಗಿದೆ! ಹಳೇ ನಾಣ್ಯ ಇಟ್ಟುಕೊಂಡವರು ಅದಕ್ಕೆ ನೀರೂ ತಾಗಿಸೋಲ್ಲ ಕಣೇ. ನೂರಾರು ವರ್ಷದಿಂದ ಮೈಗೆ ಹತ್ತಿದ್ದ ಕಪ್ಪು ಅದು. ಅದನ್ನ ಒಂದು ಉಂಡೆ ಹುಣಸೆಹಣ್ಣಿಗೆ ಕಳೆದೆಯಲ್ಲ. ಎಂ.ಎ. ಅಂತೆ, ಎಂ.ಎ.!"

ಅವಳೂ ನಕ್ಕಳು. ಹೋದದ್ದು ನಾಣ್ಯದ ಬೆಲೆ ಮಾತ್ರ ಎಂದು ಆಗ ತಿಳಿದಿದ್ದಳು.

ಆಮೇಲೆ ಮೂರು ದಿನ ಮೊಸರು ಬರಲಿಲ್ಲ. ನಾಲ್ಕನೆಯ ದಿನ ಕೆಂಚಮ್ಮ ಬಂದಳು, ತಲೆಯ ಮೇಲೆ ಕುಕ್ಕೆ ಇರಲಿಲ್ಲ. ಸೊಂಟದಿಂದ ರೂಪಾಯಿ ತೆಗೆದು ಜಗುಲಿಯ ಮೇಲಿಟ್ಟಳು.

"ದೊಡ್ಡಾಸ್ಪತ್ರೆಗೆ ಸೇರ್ಸಿವ್ನಿ ಅವ್ವ. ಇಳ್ದಿದ್ ಜರ, ರೂಪಾಯಿ ಕಟ್ಟಿದ್ ದಿನ್ವೇ ಏರ್ಬುಡ್ತು. ನಿಮ್ದೇನಿಲ್ಲ, ತಪ್ಪು ನಂದು. ರೂಪಾಯಿ ಆದ್ರೆ ದೇವ್ರು ಬೇಗ ಕಣ್ಬುಟ್ಟಾನು ಅಂತ ಆಸೆ ಬಿದ್ಬುಟ್ಟೆ. ನನ್ ಕಾಸ ಕೊಟ್ಬುಡಿ."

ರೂಪಾಯಿಗೂ ಜ್ವರಕ್ಕೂ ಏನು ಸಂಬಂಧ ಎಂದು ತರಗತಿಯಲ್ಲಾಗಿದ್ದರೆ ಚಂದ್ರಮತಿ ಕೇಳುತ್ತಿದ್ದಳು. ಈಗ ಒಳಗೆ ಹೋಗಿ ಡಬ್ಬಿಯಿಂದ ಕಾಸು ತಂದುಕೊಟ್ಟಳು.

ಕೆಂಚಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿದಳು. "ಇದಲ್ಲ."

"ಆನೆ ಇದೆಯಲ್ಲ, ಕೆಂಚಮ್ಮ."

"ಆನೆ ಅದೆ. ನಮ್ಮಾನೆ ಕರ್ರಗಿತ್ತು." ಆಮೇಲೆ ಮೆತ್ತಗೆ ಹೇಳಿದಳು, "ಕಳ್ದೋಗಿದ್ರೆ ಕಳ್ದೋಯ್ತು ಅಂದ್ಬುಡಿ ಅವ್ವ. ನಾನೇನ್ ಬಯ್ಯಕಿಲ್ಲ."

ಇನ್ನೊಂದು ಹೂಂ ಸಾಕಾಗಿತ್ತು. ಅದು ಚಂದ್ರಮತಿಯ ಗಂಟಲಿಗೆ ಬಂದು ನಿಂತೂ ಇತ್ತು.

"ಇದು ಅದೇ. ನಾನೇ ಹುಣಸೆಹಣ್ಣು ಹಾಕಿ ತಿಕ್ಕಿದೆ."

"ತಿಕ್ಕಿದ್ರಾ?" ಕೆಂಚಮ್ಮ ಕಾಸನ್ನು ನೋಡಿದಳು, ಅವಳ ಮುಖ ನೋಡಿದಳು. "ಅರಿಶ್ನ ಬಳ್ದಿದ್ದೆ. ಅವ್ರ ಅಣೆಗೆ ಮುಟ್ಸಿ, ತಲೆ ಸುತ್ತ ಮೂರ್ ದಪ ನಿವಾಳ್ಸಿದ್ದೆ. ಎಲ್ಲಾನೂ ತೊಳ್ದುಬುಟ್ರಾ?"

ಬಯ್ಯಲಿ ಎಂದು ಚಂದ್ರಮತಿ ಕಾದಳು. ಬೈಗುಳ ಬರಲಿಲ್ಲ.

"ಆ ನೀರ ಎಲ್ಲಿ ಚೆಲ್ಲುದ್ರಿ?"

"ಹಿತ್ತಿಲಲ್ಲಿ. ಬಾಳೆಬುಡಕ್ಕೆ ಹೋಯ್ತು."

"ತೋರ್ಸಿ."

ಬಾಳೆಯ ಬುಡದಲ್ಲಿ ಕೂತ ಕೆಂಚಮ್ಮ ಮಣ್ಣನ್ನು ಮುಟ್ಟಿ ನೋಡಿ, ಆಕಾಶ ನೋಡಿದಳು. "ನಾಕ್ ದಿನದಿಂದ ಮಳೆ ಬಂದಿಲ್ಲ. ಇಲ್ಲೇ ಅದೆ."

ಆ ನಾಲ್ಕು ದಿನವೂ ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಅದೇ ಗೀರಿನಲ್ಲಿ ಹರಿದಿತ್ತು. ಚಂದ್ರಮತಿ ಅದನ್ನು ಹೇಳಲಿಲ್ಲ. ಅವಳೂ ಪಕ್ಕದಲ್ಲಿ ಕೂತು, ಬಾಳೆಯ ಬೇರು ಸಿಗುವ ತನಕ ಬೆರಳಿನಲ್ಲಿ ಕೆದಕಿದಳು. ಅವಳ ಕೈಯಿಂದ ಕೆಂಚಮ್ಮ ಒಂದು ಚಿಟಿಕೆ ಒದ್ದೆ ಮಣ್ಣು ತೆಗೆದುಕೊಂಡು ಆನೆಯ ಮೇಲೆ ಸವರಿದಳು, ಇನ್ನೊಂದು ಚಿಟಿಕೆಯನ್ನು ಜೊತೆಗಿಟ್ಟು ಹಳದಿ ಬಟ್ಟೆಯ ಗಂಟು ಬಿಗಿದಳು. ಹಲ್ಲಿನಿಂದ ಕಚ್ಚಿ ಇನ್ನೊಮ್ಮೆ ಬಿಗಿದಳು. ರೂಪಾಯಿಯನ್ನು ಜಗುಲಿಯ ಮೇಲೇ ಬಿಟ್ಟು ಆಸ್ಪತ್ರೆಯ ಕಡೆ ಹೊರಟುಹೋದಳು.

ಸಂಜೆ ರಾಮಸ್ವಾಮಿ, "ಉಗುರಿಗೆ ಏನಾಯ್ತೇ?" ಎಂದರು. ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಕೆಂಚಮ್ಮ ಕುಕ್ಕೆ ಹೊತ್ತು ಬಂದಳು. ಗಂಡ ಕೋಲೂರಿ ಎದ್ದು ಓಡಾಡುತ್ತಿದ್ದಾನಂತೆ. ಇಬ್ಬರೂ ರೈಲಿನಲ್ಲಿ ಹೋಗಿ, ಗಂಟನ್ನು ಮಣ್ಣಿನ ಸಮೇತ ಹುಂಡಿಗೆ ಹಾಕಿ ಬಂದರಂತೆ. ಅಷ್ಟು ಹೇಳಿ ಪ್ರಸಾದ ಕೊಟ್ಟಳು. ಆಮೇಲೆ ಎಲೆಅಡಿಕೆ ಸಂಚಿಗೆ ಕೈಹಾಕಿ ಒಂದು ಕಪ್ಪು ಕಾಸನ್ನೂ ತೆಗೆದಳು.

"ತಗಳಿ, ನಿಮ್ ಡಬ್ಬಿಗೆ. ಪಕ್ಕದ್ಮನೆ ನೀಲಮ್ಮಂದು. ಅರಕೆದಲ್ಲ, ಕೇಳ್ಕಂಡೇ ತಂದಿವ್ನಿ. ತಿಕ್ಬುಟ್ಟೀರಿ ಮತ್ತೆ!" ಎಂದು ನಕ್ಕಳು.

ಚಂದ್ರಮತಿ ಕಾಸನ್ನು ತೆಗೆದುಕೊಂಡಳು. ಕೆಂಚಮ್ಮ ಎಂದಿನ ಅಳತೆಯ ಮೊಸರು ಹಾಕಿ, ಮೇಲೊಂದು ಸೌಟು ಹೆಚ್ಚಿಗೆ ಹಾಕಿದಳು. ಚಂದ್ರಮತಿ ಬಗ್ಗಿ, ಪಾತ್ರೆಯನ್ನು ಇನ್ನಷ್ಟು ಕೆಳಗೆ ಹಿಡಿದಳು.