ಮೂಗಿನ ಕೆಲಸ

ಹಾಲು ಕೆಟ್ಟಿದೆಯೋ ಇಲ್ಲವೋ? ಪಾತ್ರೆಯೊಳಗೆ ಮುಖ ಅದ್ದುವಷ್ಟು ಬಗ್ಗಿದರೂ ಗಡಿಯಾರ ರಿಪೇರಿಯವನಿಗೆ ತಿಳಿಯಲಿಲ್ಲ. ಕೆಟ್ಟಿಲ್ಲ ಎಂದುಬಿಡಲೇ?

"ಏನಂತೆ?" ಎಂದಳು ಹೆಂಡತಿ.

"ಚೆನ್ನಾಗಿದೆ."

ಹದಿಮೂರು ವರ್ಷದ ಹಿಂದೆ ಕಾರ್ಖಾನೆಯಿಂದ ವಿಷಗಾಳಿ ಸೋರಿದಾಗ ಇಬ್ಬರೂ ಒಂದೇ ಒದ್ದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಓಡಿದ್ದರು. ಅಂದಿನಿಂದ ನಾಲ್ಕು ಮೆಟ್ಟಿಲಿಗೆ ಅವನಿಗೆ ಏದುಸಿರು. ಅವಳ ಕಣ್ಣಲ್ಲಿ ಸದಾ ನೀರು. ಮದುವೆಮನೆಯಲ್ಲಿ ಹೆಣ್ಣಿನ ತಾಯಿಗಿಂತ ಹೆಚ್ಚು ಅಳುವವಳು ಇವಳೇ ಎಂದು ನೆಂಟರು ನಗುತ್ತಿದ್ದರು. ಅವನ ಮೂಗು ಸತ್ತದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲೂಬಾರದಿತ್ತು. ಆಮೇಲೆ ಎರಡು ವರ್ಷ ಗ್ಯಾಸಿನ ಭಯಕ್ಕೆ ಅಡುಗೆಮನೆಯ ಹೊಸಿಲು ದಾಟದಿದ್ದ ಅವಳು ಒಳಗೆ ಕಾಲಿಟ್ಟದ್ದೇ ಅವನ ಮೂಗನ್ನು ನಂಬಿ. ದಿನವೂ ಅವನು ಸಿಲಿಂಡರನ್ನು ಮೂಸಿ "ಏನೂ ಇಲ್ಲ" ಎಂದರೇ ಅವಳು ಕಡ್ಡಿ ಗೀರುವುದು. ಅವನೂ ಧೈರ್ಯಕ್ಕೆ "ನಿನಗೆ?" ಎನ್ನುತ್ತಿದ್ದ. "ಇಲ್ಲಪ್ಪ" ಎಂಬ ಉತ್ತರ ಬಂದರೆ ನಿರಾಳ.

ಇಂದೂ ಮೂಸಿದ. ಏನೂ ಇರಲಿಲ್ಲ. ಅವಳಿಗೂ ಏನೂ ಇರಲಿಲ್ಲ. ಕಡ್ಡಿ ಕೈಗೆ ಬಂತು. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಸಿಲಿಂಡರ್ ತಂದವನು ಒಳಗೆ ನುಗ್ಗಿದ.

"ಕಡ್ಡಿ ಕೆಳಗಿಡಿ ಅಕ್ಕ." ಕಿಟಕಿ ತೆರೆದ, ರೆಗ್ಯುಲೇಟರ್ ತಿರುಗಿಸಿದ. "ಟ್ಯೂಬ್ ಸೀಳಿದೆ. ಬೀದಿಗೇ ನಾತ ಹೊಡೀತಿದೆ, ನಿಮಗೆ ಗೊತ್ತಾಗ್ಲಿಲ್ವಾ?"

"ನೆಗಡಿ ಕಣಪ್ಪ," ಎಂದಳು ಹೆಂಡತಿ. "ಇವರಿಗೆ ಗೊತ್ತಾಗ್ಬೇಕಿತ್ತು. ಪೊಲೀಸ್ ನಾಯಿ ಮೂಗು."

"ನಂಗೂ ನೆಗಡಿ."

"ನೆಗಡೀನೂ ಜೋಡಿಯಾಗೇನಾ ಅಣ್ಣ?"

ಅವನು ಅವಳನ್ನು ನೋಡಿದ. ಅವಳು ಬೆಂಕಿಪೊಟ್ಟಣವನ್ನು ನೋಡಿದಳು. ಇಬ್ಬರೂ ಸೀನಲಿಲ್ಲ.

ಸಿಲಿಂಡರಿನವನು ಹೊಸ ಟ್ಯೂಬ್ ಹಾಕಿ, ಗ್ಯಾಸ್ ಸೋರಿದರೆ ಕೂಗುವ ಡಬ್ಬಿಯೊಂದಿದೆ, ಬೇಕೇ ಎಂದ.

"ಹಾಕ್ಬಿಡು, ಇವಳಿಗೆ ಭಯ."

"ಹಾಕಪ್ಪ, ಇವರಿಗೆ ಭಯ."

ಡಬ್ಬಿ ಗೋಡೆಯ ಬುಡ ಸೇರಿತು. ಹೊರಡುವಾಗ ಸಿಲಿಂಡರಿನವನು ತಿರುಗಿ, "ಆ ಹಾಲೂ ಚೆಲ್ಲಿ. ಕೆಟ್ಟಿದೆ," ಎಂದ.

ಮರುದಿನ ಬೆಳಿಗ್ಗೆ ಅವಳು ಡಬ್ಬಿಯತ್ತ ಕಣ್ಣು ಹಾಯಿಸಲೂ ಇಲ್ಲ. "ರೀ, ಸ್ವಲ್ಪ ಮೂಸಿ ನೋಡಿ."

ಅವನು ಬಗ್ಗಿದ, ಉಸಿರೆಳೆದ, ಕೆಮ್ಮಿದ. "ಏನೂ ಇಲ್ಲ. ನಿನಗೆ?"

"ಇಲ್ಲಪ್ಪ."

ಅವಳು ಕಡ್ಡಿ ಗೀರಿದಳು. ಅವಳ ಮೂಗೂ ಸತ್ತಿದೆ ಎಂದು ತನಗೆ ಗೊತ್ತಾದದ್ದನ್ನು ಅವನು ಎಂದೂ ಹೇಳಲಿಲ್ಲ.