ಅದಲುಬದಲಾದ ತಂತಿ

ಯುದ್ಧದ ಮೂರನೆಯ ವರ್ಷ. ವಿಮಾನ ಕಾರ್ಖಾನೆಯ ಕೊನೆಯ ಶೆಡ್ಡಿನಲ್ಲಿ ರೆಕ್ಕೆಯ ತಂತಿಗಳನ್ನು ಪರೀಕ್ಷಿಸಿ ಸಹಿ ಹಾಕುವವಳನ್ನು ತಲೆ ನರೆತ ಮೇಸ್ತ್ರಿಯೂ ಅಕ್ಕ ಎಂದೇ ಕರೆಯುತ್ತಿದ್ದ. ಅವಳ ಕಣ್ಣು ತಪ್ಪಿಸಿ ಒಂದು ಮೊಳೆಯೂ ಹೊರಗೆ ಹೋಗದು ಎಂಬ ಮಾತಿತ್ತು.

ಆ ಬೆಳಿಗ್ಗೆ ಮಾತ್ರ ಕಣ್ಣು ತಪ್ಪಿ ಹೋಯಿತು. ಸಂಜೆಯೊಳಗೆ ಮೂರು ವಿಮಾನ ರಣರಂಗಕ್ಕೆ ಹೊರಡಬೇಕಿತ್ತು. ಮ್ಯಾನೇಜರು ಬೆನ್ನಿಗೆ ಬಿದ್ದಿದ್ದರು. ಮೊದಲನೆಯದರಲ್ಲಿ ಅಕ್ಕ ತಂತಿಗಳ ಬಿಗಿತವನ್ನಷ್ಟೇ ನೋಡಿದಳು. ವಿಮಾನವನ್ನು ವಾಲಿಸುವ ಚಾಲಕನ ಕೋಲು ಅಲ್ಲಾಡಿಸಿ, ರೆಕ್ಕೆಯಂಚಿನ ಪಟ್ಟಿ ಯಾವ ಕಡೆ ಏಳುತ್ತದೆಂದು ನೋಡದೆಯೇ ಸಹಿ ಹಾಕಿದಳು.

"ಏನಕ್ಕಾ, ಇವತ್ತು ಬೈಗುಳ ಇಲ್ವಾ?" ಎಂದ ಪರೀಕ್ಷಾ ಪೈಲಟ್, ಏಣಿ ಹತ್ತುತ್ತಾ.

"ಹೋಗಿ ಬಾರಪ್ಪಾ. ಇಳಿದ್ಮೇಲೆ ಬೈತೀನಿ."

ನೆಲ ಬಿಟ್ಟೊಡನೆ ಗಾಳಿಯ ಹೊಡೆತಕ್ಕೆ ವಿಮಾನ ತುಸು ಎಡಕ್ಕೆ ವಾಲಿತು. ಅವನು ಸರಿಪಡಿಸಲು ಹೋದಷ್ಟೂ ಎಡಕ್ಕೇ ಉರುಳಿತು. ಬೇಲಿಯಾಚೆ ಬಿದ್ದದ್ದು ಹೊತ್ತಿಕೊಂಡು ಉರಿಯಿತು. ನೀರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಹುಡುಗ ದುಡುಕಿದ ಅಂತ ಬರೀತೀನಿ," ಎಂದರು ಮ್ಯಾನೇಜರು. "ನೀವು ಬಾಯಿ ಬಿಡಬೇಡಿ."

"ಹೆಣದ ಮೇಲೆ ಹೊರೆ ಹೊರಿಸೋದು ಸುಲಭ ಸಾರ್. ಎಡ-ಬಲದ ತಂತಿ ಅದಲುಬದಲಾಗಿತ್ತು. ನಾನು ನೋಡ್ಲಿಲ್ಲ."

ಉತ್ತರಕ್ಕೆ ಕಾಯದೆ ಅವಳು ಎರಡನೆಯ ವಿಮಾನ ಹತ್ತಿ ಕೋಲನ್ನು ಬಲಕ್ಕೆ ತಳ್ಳಿದಳು. ಬಲಪಟ್ಟಿ ಏಳಬೇಕಿತ್ತು, ಎಡದ್ದು ಎದ್ದಿತು. ಕೆಳಗೆ ನಿಂತಿದ್ದ ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕುಸಿದ. ಅದನ್ನು ಹಾರಿಸಬೇಕಾಗಿದ್ದ ಪೈಲಟ್ ಪಕ್ಕದಲ್ಲೇ ನಿಂತಿದ್ದ.

ವಿಚಾರಣೆ ನಡೆಯಿತು. ಸತ್ತವನು ನಿರ್ದೋಷಿ ಎಂದಾಯಿತು. ಸಹಿಯ ಅಧಿಕಾರ ಕಿತ್ತುಕೊಂಡು ಅಕ್ಕನನ್ನು ಉಗ್ರಾಣಕ್ಕೆ ಹಾಕಿದರು.

ಭಾನುವಾರ ಸತ್ತ ಪೈಲಟ್‌ನ ತಾಯಿಯ ಮನೆಗೆ ಹೋದಳು. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದಳು.

ತಾಯಿ ಕೇಳಿದರು: "ಬೀಳ್ತೀನಿ ಅಂತ ಅವನಿಗೆ ಗೊತ್ತಾಯ್ತಾ?"

ಇಲ್ಲ ಎನ್ನುವುದು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಾಗಿರುತ್ತಮ್ಮಾ. ಒಂದೆರಡು ಗಳಿಗೆ. ಕೊನೇವರೆಗೂ ಹೋರಾಡಿದ."

"ವೀರ, ಶೂರ ಅಂತ ಬಂದವರೆಲ್ಲ ಹೊಗಳಿದ್ರು. ಇದನ್ನ ಯಾರೂ ಹೇಳಿರಲಿಲ್ಲ." ತಾಯಿ ಸೆರಗು ಬಾಯಿಗೊತ್ತಿಕೊಂಡರು. "ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ. ಒಳಗೆ ಬನ್ನಿ, ಕೂತ್ಕೊಳ್ಳಿ. ಅಲ್ಲಿ ಹೇಗಿರ್ತಿದ್ದ, ಹೇಳಿ."

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು.